ದೋಣಿಗೆ ಎರಡನೇ ಕೆಲಸ ಸಿಕ್ಕಿತು, ದೋಣಿಯವನಿಗೆ?

ಕಳೆದ ಸೆಮಿಸ್ಟರ್ ರಜೆಯಲ್ಲಿ ನಾವು ಏಳು ಮಂದಿ ಗೆಳೆಯರು ಕೇರಳದ ಆಲಪ್ಪುಳಕ್ಕೆ ಹೋಗಿದ್ದೆವು. ಹೌಸ್‌ಬೋಟ್‌ನಲ್ಲಿ ರಾತ್ರಿ ಉಳಿಯುವಷ್ಟು ದುಡ್ಡು ಯಾರ ಬಳಿಯೂ ಇರಲಿಲ್ಲ. ಚೌಕಾಸಿ ಮಾಡಿ ನಾಲ್ಕು ಗಂಟೆಯ ಮಟ್ಟಿಗೆ ಒಂದನ್ನು ಹತ್ತಿದೆವು. ಈ ದೋಣಿಗೆ ಅಲ್ಲಿಯ ಹೆಸರು ಕೆಟ್ಟುವಳ್ಳಂ. ಹೆಸರು ಕೇಳಿದ್ದೇ ತಡ, ನಮ್ಮಲ್ಲೊಬ್ಬ ‘ಕೆಟ್ಟು ಹೋದ ದೋಣೀನಾ? ನಡುನೀರಲ್ಲಿ ನಿಂತ್ರೆ ನೀನೇ ರಿಪೇರಿ ಮಾಡ್ಬೇಕು. ಮೆಕ್ಯಾನಿಕಲ್ ಓದ್ತಿರೋನು ನೀನೊಬ್ನೇ’ ಎಂದು ನನ್ನನ್ನು ಛೇಡಿಸಿದ. ಎಲ್ಲರೂ ನಕ್ಕೆವು. ಆಮೇಲೆ ತಿಳಿಯಿತು, ಮಲಯಾಳದ ‘ಕೆಟ್ಟು’ ಎಂದರೆ ನಮ್ಮ ‘ಕಟ್ಟು’. ಹೆಬ್ಬಲಸಿನ ಹಲಗೆಗಳನ್ನು ಮೊಳೆ ಹೊಡೆಯದೆ, ತೆಂಗಿನ ನಾರಿನ ಹುರಿಯಿಂದ ಹೊಲಿದು ಕಟ್ಟಿದ ದೋಣಿ ಅದು.

ಚುಕ್ಕಾಣಿ ಹಿಡಿದಿದ್ದವರಿಗೆ ಐವತ್ತು ದಾಟಿತ್ತು. ನಮ್ಮ ಹರಕು ಮಲಯಾಳ, ಅವರ ಅರ್ಧಂಬರ್ಧ ಹಿಂದಿ, ಹೇಗೋ ಮಾತು ಸಾಗಿತು. ಅವರ ಅಪ್ಪ ಇದೇ ನೀರಿನಲ್ಲಿ ಬಿದಿರಿನ ಗಳ ಊರಿ ಅಕ್ಕಿ ಮೂಟೆ ಸಾಗಿಸುತ್ತಿದ್ದರಂತೆ. ‘ಚೇಟಾ, ಹಾಗಾದ್ರೆ ಈ ಬೋಟ್ ನಿಮ್ದೇನಾ?’ ಎಂದು ಕೇಳಿದೆ. ಅವರು ತಲೆ ಅಲ್ಲಾಡಿಸಿದರು. ‘ಅಲ್ಲ, ಮುದಲಾಳಿದು. ನಾನು ಕೂಲಿ’ ಎಂದರು. ಮುದಲಾಳಿ ಎಂದರೆ ಧಣಿ.

ಊರಿಗೆ ಬಂದ ಮೇಲೂ ಆ ಮಾತು ತಲೆಯಿಂದ ಹೋಗಲಿಲ್ಲ. ಸರಕು ಸಾಗಿಸುತ್ತಿದ್ದ ಹಳೆಯ ದೋಣಿಗಳ ಬಗ್ಗೆ ಓದುತ್ತ ಹೋದೆ. ಓದು ನನ್ನನ್ನು ಇಂಗ್ಲೆಂಡಿನ ಕಾಲುವೆಗಳವರೆಗೆ ಕರೆದೊಯ್ದಿತು. ಕೆಲಸ ಕಳೆದುಕೊಂಡ ದೋಣಿಗಳು ಹೊಸ ಕೆಲಸ ಹುಡುಕಿಕೊಂಡ ಕಥೆ ಅಲ್ಲಿ ಇನ್ನೂ ಹಳೆಯದು. ಓದು ಮುಗಿಸಿ ಕೆಲಸ ಹುಡುಕಬೇಕಾದ ನಮ್ಮಂಥವರು ಈ ಕಥೆಯನ್ನು ಪೂರ್ತಿ ಕೇಳಬೇಕು ಎಂಬುದು ನನ್ನ ಅನಿಸಿಕೆ. ಏಕೆಂದರೆ ನಮಗೆ ಸಾಮಾನ್ಯವಾಗಿ ಹೇಳುವುದು ಅದರ ಅರ್ಧ ಭಾಗವನ್ನಷ್ಟೇ.

1761ರಲ್ಲಿ ಬ್ರಿಜ್‌ವಾಟರ್ ಕಾಲುವೆಯ ಮೊದಲ ಭಾಗ ತೆರೆಯಿತು. ವರ್ಸ್ಲಿಯ ಗಣಿಗಳಿಂದ ಮ್ಯಾಂಚೆಸ್ಟರ್‌ಗೆ ಕಲ್ಲಿದ್ದಲು ಸಾಗಿಸಲು ತೋಡಿದ ಕಾಲುವೆ ಇದು. ಇದರಿಂದ ಮ್ಯಾಂಚೆಸ್ಟರ್‌ನಲ್ಲಿ ಕಲ್ಲಿದ್ದಲಿನ ಬೆಲೆ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಮುಂದಿನ ಕೆಲವು ದಶಕಗಳಲ್ಲಿ ದೇಶದ ತುಂಬ ಕಾಲುವೆಗಳು ಹರಡಿದವು. ಆ ಕಾಲದ ರಸ್ತೆಯಲ್ಲಿ ಒಂದು ಕುದುರೆ ಗಾಡಿ ಕಟ್ಟಿಕೊಂಡು ಎಳೆಯುತ್ತಿದ್ದುದು ಒಂದೆರಡು ಟನ್. ಅದೇ ಕುದುರೆ ಕಾಲುವೆಯ ದಂಡೆಯ ಮೇಲೆ ನಡೆಯುತ್ತ ದೋಣಿಯೊಂದರಲ್ಲಿ ಸುಮಾರು 25 ಟನ್ ಎಳೆಯುತ್ತಿತ್ತು. ನಿಧಾನವಾಗಿ ಸಾಗುವ ದೋಣಿಗೆ ನೀರು ಒಡ್ಡುವ ತಡೆ ಅಷ್ಟು ಕಡಿಮೆ. ಪರೀಕ್ಷೆಗೆಂದು ಉರು ಹೊಡೆದಿದ್ದ ಫ್ಲೂಯಿಡ್ ಮೆಕ್ಯಾನಿಕ್ಸ್ ನನಗೆ ನಿಜವಾಗಿ ಅರ್ಥವಾದದ್ದು ಇದನ್ನು ಓದಿದಾಗ.

ಕಾಲುವೆ ಏರು ತಗ್ಗುಗಳನ್ನು ದಾಟುವಲ್ಲಿ ದೋಣಿಯನ್ನು ಮೇಲಕ್ಕೆ ಕೆಳಕ್ಕೆ ಒಯ್ಯಲು ಗೇಟು ಇರುವ ತೊಟ್ಟಿಗಳಿರುತ್ತವೆ. ಅವುಗಳಿಗೆ ಲಾಕ್ ಎಂದು ಹೆಸರು. ಅಲ್ಲಿನ ಎಷ್ಟೋ ಕಾಲುವೆಗಳಲ್ಲಿ ಲಾಕ್‌ನ ಅಗಲ 7 ಅಡಿಯಷ್ಟೇ. ಹಾಗಾಗಿ ದೋಣಿಗಳನ್ನೂ ಅದರೊಳಗೆ ಹಿಡಿಸುವಂತೆ, 7 ಅಡಿ ಅಗಲ, 70 ಅಡಿ ಉದ್ದದ ಲೆಕ್ಕದಲ್ಲಿ ಕಟ್ಟಿದರು. ಕಿರಿದಾಗಿದ್ದರಿಂದ ನ್ಯಾರೋಬೋಟ್ ಎಂಬ ಹೆಸರು ಬಂತು.

1830ರಲ್ಲಿ ಲಿವರ್‌ಪೂಲ್ ಮತ್ತು ಮ್ಯಾಂಚೆಸ್ಟರ್ ನಡುವೆ ರೈಲು ಶುರುವಾಯಿತು. ಮುಂದೆ ರೈಲಿನ ಪೈಪೋಟಿಯಲ್ಲಿ ದೋಣಿಯ ಬಾಡಿಗೆ ದರ ಕುಸಿಯುತ್ತ ಹೋಯಿತು. ಆಗ ಅನೇಕ ದೋಣಿಯವರು ಮಾಡಿದ್ದೇನು ಗೊತ್ತೇ? ದಡದ ಮೇಲಿನ ಮನೆ ಬಿಟ್ಟು ಹೆಂಡತಿ ಮಕ್ಕಳನ್ನು ದೋಣಿಗೇ ಕರೆತಂದರು. ಮನೆ ಬಾಡಿಗೆ ಉಳಿಯಿತು, ಕೂಲಿಯಾಳಿನ ಖರ್ಚೂ ಉಳಿಯಿತು. ದೋಣಿಯ ಹಿಂಬದಿಯಲ್ಲಿ ಸುಮಾರು 10 ಅಡಿ ಉದ್ದದ ಒಂದು ಗೂಡು. ಅದರಲ್ಲೇ ಒಲೆ, ಮಡಚುವ ಮಂಚ, ಕಪಾಟು, ಇಡೀ ಸಂಸಾರ. ಉಳಿದದ್ದೆಲ್ಲ ಸರಕಿಗೆ. ಇಂಥ ಗೂಡುಗಳಲ್ಲಿ ಎಷ್ಟು ಜನ ಇರಬಹುದು ಎಂಬುದಕ್ಕೆ 1877ರಲ್ಲಿ ಕಾನೂನನ್ನೇ ತರಬೇಕಾಯಿತು. ದೋಣಿ ನಿಂತಲ್ಲಿ ನಿಲ್ಲದ ಕಾರಣ ಮಕ್ಕಳಿಗೆ ಶಾಲೆ ದಕ್ಕಲಿಲ್ಲ. ಅವರಲ್ಲಿ ಬಹಳಷ್ಟು ಮಂದಿ ಓದು ಬರಹವಿಲ್ಲದೆಯೇ ಬೆಳೆದರು.

ಕುದುರೆಯ ಜಾಗಕ್ಕೆ ಎಂಜಿನ್ ಬಂತು. ಎಂಜಿನ್ ಇರುವ ದೋಣಿ, ಎಂಜಿನ್ ಇಲ್ಲದ ಇನ್ನೊಂದನ್ನು ಎಳೆದುಕೊಂಡು ಹೋಗುವ ಪದ್ಧತಿ ಬೆಳೆಯಿತು. 1948ರಲ್ಲಿ ಹೆಚ್ಚಿನ ಕಾಲುವೆಗಳು ಸರ್ಕಾರದ ಕೈಗೆ ಬಂದವು. ಅಷ್ಟರಲ್ಲಿ ಲಾರಿಗಳ ಕಾಲ. 1962-63ರ ಚಳಿಗಾಲದಲ್ಲಿ ಕಾಲುವೆಗಳು ವಾರಗಟ್ಟಲೆ ಹೆಪ್ಪುಗಟ್ಟಿ, ದೋಣಿಗಳು ಇದ್ದಲ್ಲೇ ಸಿಕ್ಕಿಕೊಂಡವು. ಅದರ ಬೆನ್ನಿಗೇ ಸರ್ಕಾರಿ ಸಂಸ್ಥೆ ತನ್ನ ನ್ಯಾರೋಬೋಟ್ ಸಾಗಣೆಯನ್ನು ಬಹುಪಾಲು ನಿಲ್ಲಿಸಿತು. ಲಂಡನ್ ಪಶ್ಚಿಮದ ಸೌತಾಲ್‌ನ ಜಾಮ್ ಕಾರ್ಖಾನೆಯೊಂದಕ್ಕೆ ಕಲ್ಲಿದ್ದಲು ಒಯ್ಯುವ ಕೆಲಸ ಮಾತ್ರ ಕೆಲವು ದೋಣಿಗಳಿಗೆ ಉಳಿದಿತ್ತು. 1970ರಲ್ಲಿ ಅದೂ ನಿಂತಿತು.

ಹಾಗಾದರೆ ಆ ದೋಣಿಗಳೇನಾದವು? ಎಷ್ಟೋ ದೋಣಿಗಳು ದಡದಲ್ಲೇ ಕೊಳೆತವು. ಕೆಲವನ್ನು ಹೇರ್‌ಫೀಲ್ಡ್ ಬಳಿಯ ನೀರು ತುಂಬಿದ ಗುಂಡಿಗಳಲ್ಲಿ ಬೇಕೆಂದೇ ಮುಳುಗಿಸಿದರು. ಆದರೆ ಉಳಿದವುಗಳ ಕಥೆ ಸ್ವಾರಸ್ಯದ್ದು. ಅದರ ಆರಂಭದಲ್ಲಿ ಒಬ್ಬ ಎಂಜಿನಿಯರ್ ಇದ್ದಾನೆ.

ಎಲ್.ಟಿ.ಸಿ. ರೋಲ್ಟ್ ಎಂಬ ಯುವಕ ರೈಲು ಎಂಜಿನ್ ತಯಾರಿಸುವ ಕೆರ್ ಸ್ಟುವರ್ಟ್ ಕಂಪನಿಯಲ್ಲಿ ಅಪ್ರೆಂಟಿಸ್ ಆಗಿದ್ದ. 1930ರಲ್ಲಿ, ತರಬೇತಿ ಮುಗಿಯುವ ಮೊದಲೇ, ಕಂಪನಿ ಬಾಗಿಲು ಹಾಕಿತು. ಆಗ ಅವನಿಗೆ ನನ್ನದೇ ವಯಸ್ಸು, ಇಪ್ಪತ್ತು. ಬೇರೆ ಕಡೆ ಹೋಗಿ ಹೇಗೋ ತರಬೇತಿ ಮುಗಿಸಿದ. ಅವನ ನೆಂಟರೊಬ್ಬರ ಬಳಿ ಹಿಂದೆ ಕುದುರೆ ಎಳೆಯುತ್ತಿದ್ದ ‘ಕ್ರೆಸ್ಸಿ’ ಎಂಬ ಹಳೆಯ ಮರದ ದೋಣಿಯಿತ್ತು. ಮುಂದೆ ಅದನ್ನು ತಾನೇ ಕೊಂಡು, ಬ್ಯಾನ್‌ಬರಿ ಊರಿನ ಟೂಲಿ ಕುಟುಂಬದ ಡ್ರೈ ಡಾಕ್‌ನಲ್ಲಿ ದುರಸ್ತಿ ಮಾಡಿಸಿದ. ಡ್ರೈ ಡಾಕ್ ಎಂದರೆ ನೀರು ಬಸಿದು, ದೋಣಿಯನ್ನು ಒಣನೆಲದ ಮೇಲೆ ಕೂರಿಸಿ ರಿಪೇರಿ ಮಾಡುವ ಜಾಗ. ಸರಕು ತುಂಬುತ್ತಿದ್ದ ಜಾಗದಲ್ಲಿ ಮಲಗುವ ಕೋಣೆ, ಪುಸ್ತಕದ ಕಪಾಟು, ಸ್ನಾನದ ತೊಟ್ಟಿ ಬಂದವು. 1939ರಲ್ಲಿ ಹೆಂಡತಿಯೊಂದಿಗೆ ಅದರಲ್ಲೇ ಸಂಸಾರ ಹೂಡಿ ಕಾಲುವೆಗಳಲ್ಲಿ ಸುತ್ತಿದ. ಆ ಅನುಭವದ ಪುಸ್ತಕ ‘ನ್ಯಾರೋ ಬೋಟ್’ 1944ರಲ್ಲಿ ಬಂತು. ಅದನ್ನು ಓದಿದವರ ಆಸಕ್ತಿಯಿಂದಲೇ 1946ರಲ್ಲಿ ಒಳನಾಡು ಜಲಮಾರ್ಗಗಳನ್ನು ಉಳಿಸುವ ಸಂಘ ಹುಟ್ಟಿತು.

ಆಮೇಲೆ ಹಳೆಯ ದೋಣಿಗಳು ಹಿಡಿಯದ ಕೆಲಸವಿಲ್ಲ. ಸರಕಿನ ಜಾಗಕ್ಕೆ ಟಾರ್ಪಾಲು ಹೊದಿಸಿ ಶಾಲಾ ಮಕ್ಕಳ ಶಿಬಿರದ ದೋಣಿ ಮಾಡಿದರು. ಎಳೆಯುವುದು, ಎಳೆಸಿಕೊಳ್ಳುವುದು ಎರಡನ್ನೂ ಜೋಡಿಯಾಗಿಟ್ಟು ತೇಲುವ ಹೋಟೆಲ್ ನಡೆಸಿದರು. ಕೆಲವನ್ನು ನಡುವೆ ಕತ್ತರಿಸಿ ಗಿಡ್ಡ ಮಾಡಿದರು, ಉದ್ದ ದೋಣಿ ಎಲ್ಲ ಲಾಕ್‌ಗಳಲ್ಲಿ ಹಿಡಿಸುವುದಿಲ್ಲವಲ್ಲ. ಕೆಲವು ದೋಣಿಗಳು ಇಂದಿಗೂ ಸರಕು ಸಾಗಿಸುತ್ತವೆ. ಕಲ್ಲಿದ್ದಲು, ಡೀಸೆಲ್, ಗ್ಯಾಸ್ ಸಿಲಿಂಡರ್ ತುಂಬಿಕೊಂಡು ಕಾಲುವೆಯ ಮೇಲೆ ವಾಸಿಸುವವರ ಬಾಗಿಲಿಗೇ ಹೋಗಿ ಮಾರುತ್ತವೆ. ಈಗ ಕೆಲವರು, ಹಿಂದೆ ಕತ್ತರಿಸಿದ್ದ ದೋಣಿಗೆ ಮತ್ತೆ ಉಕ್ಕಿನ ತುಂಡು ಬೆಸೆದು ಹಳೆಯ ಉದ್ದಕ್ಕೇ ತರುತ್ತಿದ್ದಾರೆ!

2012ರಿಂದ ಅಲ್ಲಿಯ ಬಹುಪಾಲು ಕಾಲುವೆಗಳನ್ನು ನೋಡಿಕೊಳ್ಳುತ್ತಿರುವುದು ಕೆನಾಲ್ ಅಂಡ್ ರಿವರ್ ಟ್ರಸ್ಟ್. ಅದರ ವ್ಯಾಪ್ತಿಯಲ್ಲಿ ಸುಮಾರು 35 ಸಾವಿರ ದೋಣಿಗಳಿವೆ. ಹೆಚ್ಚಿನವು ಹೊಸದಾಗಿ ಕಟ್ಟಿದವು, ಆದರೆ ನ್ಯಾರೋಬೋಟ್‌ಗಳ ಅಳತೆ, ಆಕಾರ ಮಾತ್ರ ಹಳೆಯದೇ. ಲಂಡನ್‌ನಲ್ಲಿ ಮನೆ ಬಾಡಿಗೆ ಕಟ್ಟಲಾಗದ ಯುವಜನರೂ ದೋಣಿಯಲ್ಲಿ ವಾಸಿಸುತ್ತಾರೆ. ಸ್ವಂತ ನಿಲ್ದಾಣ ಇಲ್ಲದಿದ್ದರೆ ಸಾಮಾನ್ಯವಾಗಿ 14 ದಿನಕ್ಕಿಂತ ಹೆಚ್ಚು ಒಂದೇ ಕಡೆ ನಿಲ್ಲುವಂತಿಲ್ಲ. ನೂರೈವತ್ತು ವರ್ಷದ ಹಿಂದೆ ಬಾಡಿಗೆ ಕಟ್ಟಲಾಗದೆ ದೋಣಿಯವರು ನೀರಿಗಿಳಿದಿದ್ದರು. ಇಂದಿನವರಲ್ಲಿ ಹಲವರು ಇಳಿಯುವುದೂ ಅದೇ ಕಾರಣಕ್ಕೆ. ಬೆಂಗಳೂರಿನ ಪಿ.ಜಿ. ಬಾಡಿಗೆಗೆ ಹೆದರಿ ಇಂಟರ್ನ್‌ಶಿಪ್ ಬಿಟ್ಟ ನನ್ನ ಸೀನಿಯರ್‌ಗಳಿಗೆ ಇದು ಬೇಗ ಅರ್ಥವಾದೀತು.

ಕೇರಳದ ಕಥೆಯೂ ಹೆಚ್ಚು ಭಿನ್ನವಲ್ಲ. ಸುಮಾರು 30 ಟನ್‌ವರೆಗೆ ಅಕ್ಕಿ ಹೊರುತ್ತಿದ್ದ ಕೆಟ್ಟುವಳ್ಳಂಗಳನ್ನು ರಸ್ತೆ, ಸೇತುವೆ, ಲಾರಿಗಳು ಮೂಲೆಗೆ ತಳ್ಳಿದವು. 1990ರ ದಶಕದಲ್ಲಿ ಅವು ಪ್ರವಾಸಿಗರ ಹೌಸ್‌ಬೋಟ್ ಆದವು. ‘ಕೆಟ್ಟು ಪಟ್ಟಣ ಸೇರು’ ಎಂಬ ನಮ್ಮ ಗಾದೆಯಂತೆ, ಕೆಲಸ ಕೆಟ್ಟ ದೋಣಿಗೆ ಪಟ್ಟಣದವರೇ ದಾರಿಯಾದರು. ಇದರಿಂದ ದೋಣಿ ಹೊಲಿಯುವ ಬಡಗಿಗಳಿಗೆ ಮತ್ತೆ ಕೆಲಸ ಬಂತು, ಅದು ಒಳ್ಳೆಯದೇ. ಜೊತೆಗೆ ಹೌಸ್‌ಬೋಟ್‌ಗಳು ಹೆಚ್ಚಿ, ಅವುಗಳ ಹೊಲಸು ಮತ್ತು ಡೀಸೆಲ್ ವೇಂಬನಾಡು ಕೆರೆಗೆ ಸೇರುವ ತೊಂದರೆಯೂ ಬಂತು.

ಈಗ ನನ್ನ ಮಾತಿಗೆ ಬರುತ್ತೇನೆ. ನಮ್ಮ ಪ್ಲೇಸ್‌ಮೆಂಟ್ ತರಬೇತಿಗಳಲ್ಲಿ ಪದೇ ಪದೇ ಕೇಳುವ ಮಾತು ಒಂದೇ: ಕಾಲಕ್ಕೆ ತಕ್ಕಂತೆ ಬದಲಾದವನು ಉಳಿಯುತ್ತಾನೆ, ಬದಲಾಗದವನು ಮುಳುಗುತ್ತಾನೆ. ದೋಣಿಗಳ ಕಥೆಯನ್ನು ಈ ಮಾತಿಗೆ ಉದಾಹರಣೆಯಾಗಿ ಸ್ಲೈಡ್‌ನಲ್ಲಿ ಹಾಕಿ ತೋರಿಸಬಹುದು, ಚಪ್ಪಾಳೆಯೂ ಬೀಳುತ್ತದೆ. ಆದರೆ ಬದಲಾದದ್ದು ದೋಣಿ. ಅದನ್ನು ಓಡಿಸುತ್ತಿದ್ದವರು? ತಲೆಮಾರುಗಳಿಂದ ದೋಣಿಯಲ್ಲೇ ಇದ್ದ ಕುಟುಂಬಗಳು ಓದು ಬರಹವಿಲ್ಲದೆ, ನೀರಿನ ಕೆಲಸವೊಂದನ್ನು ಬಿಟ್ಟು ಬೇರೇನೂ ಗೊತ್ತಿಲ್ಲದೆ ದಡ ಹತ್ತಬೇಕಾಯಿತು. ಕೆಲವರಿಗೆ ಕಾಲುವೆ ನಿರ್ವಹಣೆಯಲ್ಲಿ ಕೆಲಸ ಸಿಕ್ಕಿತು. ಉಳಿದವರು ಸಿಕ್ಕ ಕೆಲಸ ಹಿಡಿದರು. ಅವರ ಗೂಡಿನ ಗೋಡೆಯ ಮೇಲಿದ್ದ ಗುಲಾಬಿ ಹೂವಿನ ಚಿತ್ರ ಇಂದು ಮ್ಯೂಸಿಯಂನಲ್ಲಿದೆ.

ಇದು ನನಗೆ ದೂರದ ಸಂಗತಿಯಲ್ಲ. ನನ್ನ ಅಪ್ಪ ನಮ್ಮ ತಾಲ್ಲೂಕಿನ ಟಾಕೀಸೊಂದರಲ್ಲಿ ಹದಿನೆಂಟು ವರ್ಷ ಪ್ರೊಜೆಕ್ಟರ್ ಆಪರೇಟರ್ ಆಗಿದ್ದರು. ರೀಲು ತುಂಡಾದರೆ ಸೀಟಿ ಹೊಡೆಯುವಷ್ಟರಲ್ಲಿ ಅಂಟಿಸುತ್ತಿದ್ದರಂತೆ. ನಾನು ಒಂದನೇ ಕ್ಲಾಸಿನಲ್ಲಿದ್ದಾಗ ಟಾಕೀಸಿಗೆ ಡಿಜಿಟಲ್ ಬಂತು. ಒಂದು ಬಟನ್ ಒತ್ತಲು ಹದಿನೆಂಟು ವರ್ಷದ ಅನುಭವ ಯಾರಿಗೆ ಬೇಕು? ಈಗ ಅವರು ಒಂದು ಕಲ್ಯಾಣ ಮಂಟಪದಲ್ಲಿ ವಾಚ್‌ಮನ್. ಹೋದ ವರ್ಷ ಬೆಂಗಳೂರಿನ ಕಾಫಿ ಅಂಗಡಿಯೊಂದರಲ್ಲಿ ಅಂಥದ್ದೇ ಪ್ರೊಜೆಕ್ಟರ್ ನೋಡಿದೆ. ಎಣ್ಣೆ ಹಚ್ಚಿ ಒರೆಸಿ, ಲೈಟು ಹಾಕಿ, ಬಾಗಿಲ ಬಳಿ ನಿಲ್ಲಿಸಿದ್ದರು. ಜನ ಅದರ ಪಕ್ಕ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಯಂತ್ರಕ್ಕೆ ಸಿಕ್ಕ ಗೌರವ ಅದನ್ನು ನಡೆಸಿದವರಿಗೆ ಸಿಗಲಿಲ್ಲವಲ್ಲ ಎಂದು ನನಗೆ ಕಾಫಿ ರುಚಿಸಲಿಲ್ಲ.

ಹಾಗೆಂದು ಲಾರಿಯನ್ನು, ಡಿಜಿಟಲ್ ಸಿನಿಮಾವನ್ನು ತಡೆಯಬೇಕಿತ್ತು ಎಂದು ನಾನು ಹೇಳುತ್ತಿಲ್ಲ. ಎಂಜಿನಿಯರಿಂಗ್ ಓದುತ್ತಿರುವವನು ಹಾಗೆ ಹೇಳಲಾರ. ಹಳೆಯ ಕಾಲ ಸುಂದರವಾಗಿತ್ತು ಎಂದೂ ಅಲ್ಲ. 10 ಅಡಿಯ ಗೂಡಿನಲ್ಲಿ ಮಕ್ಕಳನ್ನು ಸಾಕಿದವರನ್ನು ಕೇಳಿದರೆ ತಿಳಿಯುತ್ತಿತ್ತು. ನನ್ನ ತಕರಾರು ಇಷ್ಟೇ: ‘ಬದಲಾಗು’ ಎಂದು ಹೇಳುವವರು, ಬದಲಾಗಲು ಏನು ಬೇಕು ಎಂಬುದನ್ನು ಹೇಳುವುದಿಲ್ಲ. ಕ್ರೆಸ್ಸಿ ತಾನಾಗಿಯೇ ಮನೆಯಾಗಲಿಲ್ಲ. ಅದಕ್ಕೊಬ್ಬ ದುಡ್ಡು ಹಾಕಿದ. ಅದನ್ನು ನೀರಿನಿಂದೆತ್ತಿ, ಹಲಗೆ ಬದಲಿಸಲು ಡಾಕ್ ಇತ್ತು, ಕೆಲಸ ಬಲ್ಲ ಕೈಗಳಿದ್ದವು, ಸಮಯವಿತ್ತು. ನಲವತ್ತು ದಾಟಿ ಕೆಲಸ ಕಳೆದುಕೊಂಡ ನನ್ನ ಅಪ್ಪನಿಗೆ ಅಂಥ ಡಾಕ್ ಎಲ್ಲಿತ್ತು? ಮರುತಿಂಗಳ ರೇಷನ್ನಿಗೆ ದುಡ್ಡು ಬೇಕಾದವನಿಗೆ ಆರು ತಿಂಗಳ ಕೋರ್ಸು ಮಾಡು ಎಂದರೆ ಏನು ಪ್ರಯೋಜನ?

ಸಂಜೆ ಹೊತ್ತು ಬೀಗ ಬೀಳುವ ಐಟಿಐ, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳ ವರ್ಕ್‌ಶಾಪ್‌ಗಳು ಊರೂರಲ್ಲಿವೆ. ಅವು ವಯಸ್ಸು ಕೇಳದೆ, ಕೆಲಸ ಕಳೆದುಕೊಂಡವರಿಗೆ ಬಾಗಿಲು ತೆರೆಯಲಿ. ಹೊಸ ಯಂತ್ರ ತಂದು ಲಾಭ ಮಾಡುವವರು, ಅದರಿಂದ ಕೆಲಸ ಹೋಗುವವರಿಗೆ ಮೊದಲೇ ತಿಳಿಸಲಿ, ಕಲಿಯುವ ತಿಂಗಳುಗಳ ಸಂಬಳವನ್ನಾದರೂ ಕೊಡಲಿ. ಹಳೆಯ ವಸ್ತುವಿಗೆ ಹೊಸ ಉಪಯೋಗ ಹುಡುಕುವಾಗ, ಅದನ್ನು ಬಲ್ಲವರನ್ನೇ ಮೊದಲು ಕರೆಯಲಿ, ಕೂಲಿಗಷ್ಟೇ ಅಲ್ಲ, ಪಾಲಿಗೂ. ಇದು ಅಪ್ಪನ ತಲೆಮಾರಿಗೆ ಮಾತ್ರ ಬೇಕಾದದ್ದಲ್ಲ. ನಾವು ಇಂದು ಕಲಿಯುತ್ತಿರುವ ಸಾಫ್ಟ್‌ವೇರ್‌ಗಳು ನಮಗೆ ನಲವತ್ತಾಗುವವರೆಗೆ ಇರುತ್ತವೆ ಎಂದು ಯಾರಾದರೂ ಬರೆದುಕೊಡುತ್ತಾರೆಯೇ?

ಆಲಪ್ಪುಳದಿಂದ ಬಂದ ದಿನ ಅಪ್ಪನಿಗೆ ಮೊಬೈಲ್‌ನಲ್ಲಿ ಫೋಟೊ ತೋರಿಸಿದೆ. ಮೊದಲು ಇದರಲ್ಲಿ ಅಕ್ಕಿ ಸಾಗಿಸುತ್ತಿದ್ದರು, ಈಗ ಒಳಗೆ ಎ.ಸಿ. ರೂಮ್ ಇದೆ ಎಂದೆ. ಅಪ್ಪ ಒಂದೊಂದೇ ಫೋಟೊ ಸರಿಸಿ ನೋಡಿದರು. ಆಮೇಲೆ, ‘ಚೆನ್ನಾಗೈತೆ. ಅಕ್ಕಿ ಸಾಗಿಸ್ತಿದ್ದೋರು ಈಗೇನ್ ಮಾಡ್ತಾರಪ್ಪ?’ ಎಂದು ಕೇಳಿದರು.

ನಾವು ಏಳು ಮಂದಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಯಾರಿಗೂ ಮೊದಲು ಹೊಳೆಯದ ಪ್ರಶ್ನೆ ಅದು. ನಮ್ಮ ಸಿಲಬಸ್‌ನಲ್ಲಿ ಅದಿಲ್ಲ. ನಾಳೆ ಹೊಸ ಯಂತ್ರ ಮಾಡುವವರು ನಾವೇ ಆದ್ದರಿಂದ, ನಾವಾದರೂ ಅದನ್ನು ಕೇಳಿಕೊಳ್ಳೋಣ.