ಹುಲಿಯ ಕಾಡು, ಮನೆಯ ಮಾತು



ಜೂನ್ 5 ಬಂತೆಂದರೆ ನಮ್ಮ ಶಾಲೆಗಳ ಅಂಗಳದಲ್ಲಿ ಒಂದೆರಡು ಗುಂಡಿ ತೋಡಿ ಸಸಿ ನೆಡುತ್ತೇವೆ; ಒಂದು ಭಾಷಣ, ಒಂದು ಚಿತ್ರಕಲಾ ಸ್ಪರ್ಧೆ, ಅಲ್ಲಿಗೆ ಪರಿಸರ ದಿನ ಮುಗಿಯಿತು. ಆ ಸಸಿಗೆ ಮನೆಯಲ್ಲಿ ಅಜ್ಜಿ ಏನೆಂದು ಹೆಸರು ಹೇಳುತ್ತಾಳೆ ಎಂದು ಮಗುವನ್ನು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ? ಪ್ರಶ್ನೆ ಸಣ್ಣದೆಂದು ತೋರಬಹುದು. ಸಣ್ಣದಲ್ಲವೆಂಬುದನ್ನು ತಿಳಿಯಲು ತಮ್ಮನ್ನು ತಮಿಳುನಾಡಿನ ತೇನಿ ಜಿಲ್ಲೆಯ ಪೆರಿಯಕುಳಂ ಸೀಮೆಗೆ ಕರೆದೊಯ್ಯಲು ಬಯಸುತ್ತೇವೆ.

ಕೊಡೈಕನಾಲ್ ಬೆಟ್ಟದ ಬುಡದಲ್ಲಿ, ಮಾವಿನ ತೋಪುಗಳ ನಡುವೆ ಇರುವ ಊರು ಪೆರಿಯಕುಳಂ. ಅಲ್ಲಿಂದ ತೆಂಕಲಾಗಿ ತೇನಿ, ಬೋಡಿನಾಯಕನೂರು, ಉತ್ತಮಪಾಳಯಂ, ಕಂಬಂ ಎಂದು ಕಣಿವೆ ಚಾಚಿಕೊಂಡಿದೆ. ಈ ಊರುಗಳಲ್ಲಿ ಶತಮಾನಗಳಿಂದ ನೆಲೆಸಿರುವ ಕಾಪಿಲಿಯರ ಮನೆಮಾತು ಕನ್ನಡ. 1906ರಲ್ಲಿ ಡಬ್ಲ್ಯು. ಫ್ರಾನ್ಸಿಸ್ ಸಿದ್ಧಪಡಿಸಿದ ಮಧುರೆ ಜಿಲ್ಲಾ ಗೆಜೆಟಿಯರ್ ಕೂಡ ಈ ಕಣಿವೆಯ ಕನ್ನಡಿಗರನ್ನು ಹೆಸರಿಸುತ್ತದೆ. ಆಗ ಕಂಬಂ ಕಣಿವೆ ಪೆರಿಯಕುಳಂ ತಾಲ್ಲೂಕಿಗೇ ಸೇರಿತ್ತು. ಇಲ್ಲಿನ ಮಕ್ಕಳು ಓದುವುದು ತಮಿಳಿನಲ್ಲಿ, ಇಲ್ಲವೇ ಇಂಗ್ಲಿಷಿನಲ್ಲಿ. ಕನ್ನಡ ಲಿಪಿ ಕೈಬಿಟ್ಟುಹೋಗಿದೆ. ಮಾತು ಮಾತ್ರ ಒಲೆಯ ಮುಂದೆ, ಕೊಟ್ಟಿಗೆಯ ಬಳಿ ಉಳಿದುಕೊಂಡಿದೆ.

ಕೊಟ್ಟಿಗೆ ಎಂದೆವು. ಕಂಬಂನ ನಂದಗೋಪಾಲಸ್ವಾಮಿ ಸನ್ನಿಧಿಯಲ್ಲಿ ಈ ಜನ ‘ತಂಬಿರಾನ್ ಮಾಡು’ ಎಂಬ ದೇವರ ಹಸುಗಳ ಹಿಂಡನ್ನು ಇಂದಿಗೂ ಸಾಕುತ್ತಾರೆ. ಹಿಂಡಿಗೊಂದು ಪಟ್ಟದ ಹೋರಿ. ಮಾಟ್ಟುಪ್ಪೊಂಗಲ್ ದಿನ ಸುತ್ತಲಿನ ಊರಿನವರೆಲ್ಲ ಬಂದು ಅದಕ್ಕೆ ಪೂಜೆ ಸಲ್ಲಿಸುತ್ತಾರೆ. ಈ ಕಣಿವೆಯ ‘ಮಲೈಮಾಡು’ ಬೆಟ್ಟ ಹತ್ತಿ ಮೇಯುವ ತಳಿ. ಯಾವ ಓರೆಯಲ್ಲಿ ಯಾವ ತಿಂಗಳು ಹುಲ್ಲು ಚಿಗುರುತ್ತದೆ, ಯಾವ ಹಳ್ಳದಲ್ಲಿ ಬೇಸಗೆಯಲ್ಲೂ ನೀರಿರುತ್ತದೆ ಎಂಬ ಅರಿವು ದನ ಕಾಯುವವನ ಬಾಯಲ್ಲಿದೆ, ಯಾವ ಪಠ್ಯಪುಸ್ತಕದಲ್ಲೂ ಇಲ್ಲ.

ಈ ಬೆಟ್ಟವೇ ಇಂದು ಹುಲಿಯ ರಕ್ಷಿತಾರಣ್ಯ. 2021ರ ಫೆಬ್ರವರಿಯಲ್ಲಿ ಶ್ರೀವಿಲ್ಲಿಪುತ್ತೂರು–ಮೇಘಮಲೈ ಹುಲಿ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು. ವಿಸ್ತಾರ ಸಾವಿರ ಚದರ ಕಿಲೋಮೀಟರಿಗೂ ಮಿಗಿಲು. ವೈಗೈ ನದಿಗೆ ನೀರೂಡುವ ಕಾಡು ಇದು. ಉಳಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಮರುವರ್ಷ, 2022ರ ಮಾರ್ಚ್‌ನಲ್ಲಿ, ಮೇಘಮಲೈ ಕಾಡಿನಲ್ಲಿ ದನ ಮೇಯಿಸುವುದನ್ನು ಪ್ರಶ್ನಿಸಿದ ಅರ್ಜಿಯ ಮೇಲೆ ಮದರಾಸು ಉಚ್ಚ ನ್ಯಾಯಾಲಯ ಮೊದಲು ರಾಜ್ಯದ ಎಲ್ಲ ಕಾಡುಗಳಲ್ಲೂ ಮೇವನ್ನು ನಿಷೇಧಿಸಿತು. ಬಳಿಕ ಆ ನಿಷೇಧವನ್ನು ಹುಲಿ ರಕ್ಷಿತಾರಣ್ಯ, ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಗೆ ಸೀಮಿತಗೊಳಿಸಿತು. ಇತ್ತ 2006ರ ಅರಣ್ಯ ಹಕ್ಕು ಕಾಯ್ದೆ ಮೇವಿನ ಹಕ್ಕನ್ನೂ ಹೆಸರಿಸಿದೆ. ಬುಡಕಟ್ಟಿನವರಲ್ಲದವರು ಮೂರು ತಲೆಮಾರಿನ, ಅಂದರೆ 75 ವರ್ಷಗಳ ನೆಲೆಯನ್ನು ತೋರಿಸಬೇಕು. ಗೆಜೆಟಿಯರನ್ನೂ ಸಾಕ್ಷ್ಯವಾಗಿ ಒಪ್ಪಬಹುದೆಂದು ಅದರ ನಿಯಮಗಳೇ ಹೇಳುತ್ತವೆ. ಇಷ್ಟೆಲ್ಲವನ್ನು ಬೆಟ್ಟದ ದನಗಾಹಿಗೆ ಅವನ ಮಾತಿನಲ್ಲಿ ಹೇಳಿದವರು ಯಾರು?

ಇಲ್ಲಿ ಪರಿಸರ ಶಿಕ್ಷಣದ ಪ್ರಶ್ನೆ ಬರುತ್ತದೆ. 1969ರಲ್ಲಿ ಆರಂಭವಾದ, ಪಾಂಡಾ ಚಿಹ್ನೆಯ ಡಬ್ಲ್ಯುಡಬ್ಲ್ಯುಎಫ್–ಇಂಡಿಯಾ ಸಂಸ್ಥೆ 1970ರ ದಶಕದಿಂದಲೇ ನಿಸರ್ಗ ಸಂಘಗಳ ಮೂಲಕ ಶಾಲಾ ಮಕ್ಕಳನ್ನು ಕಾಡಿನ ಕಡೆಗೆ ಕರೆದೊಯ್ದಿದೆ. 1984ರಲ್ಲಿ ಅಹಮದಾಬಾದಿನಲ್ಲಿ ಪರಿಸರ ಶಿಕ್ಷಣ ಕೇಂದ್ರ ಹುಟ್ಟಿತು. ಎಂ.ಸಿ. ಮೆಹ್ತಾ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1991ರಲ್ಲಿ ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದು ನಿರ್ದೇಶಿಸಿತು. 2003ರಲ್ಲಿ ಅದನ್ನೇ ಮತ್ತೆ ಒತ್ತಿ ಹೇಳಿತು. ಈ ಕೆಲಸಗಳನ್ನು ನಾವು ಗೌರವದಿಂದ ಕಾಣುತ್ತೇವೆ. ನಮ್ಮ ತಕರಾರು ಒಂದೇ. ರಾಜ್ಯಕ್ಕೊಂದು ಭಾಷೆ ಎಂಬ ಲೆಕ್ಕದಲ್ಲಿ ಪುಸ್ತಕ ಅಚ್ಚಾದರೆ, ಭಿತ್ತಿಪತ್ರ ಬರೆದರೆ, ಶಿಬಿರ ನಡೆದರೆ, ರಾಜ್ಯದ ಗಡಿಯೊಳಗಿರುವ ಬೇರೆ ಮನೆಮಾತಿನ ಮಗು ಲೆಕ್ಕದಿಂದ ಹೊರಗುಳಿಯುತ್ತದೆ. ವಿಚಿತ್ರವೆಂದರೆ, ಕಾಡಿನ ಅಂಚಿನಲ್ಲಿ ಬದುಕುವುದು ಅನೇಕ ಕಡೆ ಆ ಮಗುವೇ.

ಸಂವಿಧಾನದ 350ಎ ವಿಧಿಯನ್ನು ತಾವು ಬಲ್ಲಿರಿ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಕರ್ಯ ಒದಗಿಸಬೇಕೆಂದು ಅದು 1956ರಿಂದಲೂ ಹೇಳುತ್ತಿದೆ. ಪರಿಸರ ಅಧ್ಯಯನ ಆ ಹಂತದ ಪಾಠವೇ ಅಲ್ಲವೇ?

ಆದರೆ ತಮಿಳುನಾಡಿನಲ್ಲೇ ಕನ್ನಡ ಮಾಧ್ಯಮ ಶಾಲೆಗಳಿರುವ ತಾಳವಾಡಿಯನ್ನೂ ನೋಡಿರಿ. ಅದನ್ನು ಸುತ್ತುವರಿದಿರುವುದು 2013ರಲ್ಲಿ ಘೋಷಿತವಾದ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ. ಹುಲಿಗಳ ಸಂಖ್ಯೆ ಇಮ್ಮಡಿಯಾದುದಕ್ಕೆ 2022ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಪ್ರಶಸ್ತಿ ಸಂದಿತು. ಆ ಹುಲಿಗಳ ನೆರೆಯಲ್ಲಿ ಕೂತು ಓದುವ ಮಕ್ಕಳ ಕೈಗೆ ಹುಲಿಯ ಬಗೆಗಿನ ಕೈಪಿಡಿ ಕನ್ನಡದಲ್ಲಿ ತಲುಪಬೇಡವೇ? ಗಡಿಯಾಚೆ ಕರ್ನಾಟಕದಲ್ಲಿ ಪೂರ್ಣಚಂದ್ರ ತೇಜಸ್ವಿಯವರಂಥವರು ಹಕ್ಕಿಗಳನ್ನು ಕುರಿತು ಕನ್ನಡದಲ್ಲೇ ಪುಸ್ತಕ ಬರೆದಿಟ್ಟಿದ್ದಾರೆ. ಪದಗಳ ಬಡತನ ನಮಗಿಲ್ಲ. ತಲುಪಿಸುವ ಮನಸ್ಸಿನ ಬಡತನವಿದೆ.

‘ಕೆಲವೇ ಶಾಲೆಗಳಿಗಾಗಿ ಬೇರೆ ಪುಸ್ತಕ ಅಚ್ಚು ಹಾಕುವುದು ದುಬಾರಿ, ಹೇಗೂ ಮಕ್ಕಳಿಗೆ ತಮಿಳು ಬರುತ್ತದೆ’ ಎಂಬ ಮಾತು ಕೇಳಿಬರುತ್ತದೆ. ತಮಿಳು ಬರಲಿ, ಚೆನ್ನಾಗಿಯೇ ಬರಲಿ. ಅನ್ನ ಕೊಟ್ಟ ನೆಲದ ನುಡಿ ಅದು, ನಮ್ಮದಕ್ಕೆ ಅಕ್ಕತಂಗಿ. ಕನ್ನಡದ ಹುಲಿ ತಮಿಳಿನ ಪುಲಿ, ನಮ್ಮ ಹುಲ್ಲು ಅವರ ಪುಲ್. ಆದರೆ ಶಾಲೆಯಲ್ಲಿ ಕಾಡು ಒಂದು ಭಾಷೆಯಲ್ಲಿ, ಮನೆಯಲ್ಲಿ ಇನ್ನೊಂದರಲ್ಲಿ ಬೇರೆಬೇರೆಯಾಗಿಯೇ ಉಳಿದರೆ, ಕಾಡು ಏಕೆ ಉಳಿಯಬೇಕೆಂಬ ಮಾತು ಮಗುವಿನಿಂದ ತಾತನಿಗೆ ತಲುಪುವುದಿಲ್ಲ. ತಾತನ ಅರಿವು ತರಗತಿಗೆ ಬರುವುದಿಲ್ಲ. ಕೊನೆಗೆ ಅರಣ್ಯ ಇಲಾಖೆಯವರೂ ಊರಿನವರೂ ಒಬ್ಬರನ್ನೊಬ್ಬರು ಶತ್ರುಗಳಂತೆ ನೋಡುವ ದಿನ ಬರುತ್ತದೆ. ಅದರಿಂದ ಹುಲಿಗೂ ನಷ್ಟ, ಹಸುವಿಗೂ ನಷ್ಟ. ಖರ್ಚಿನ ಲೆಕ್ಕ ಹಾಕುವವರು ಇದನ್ನೂ ಸೇರಿಸಿ ಹಾಕಲಿ.

ಆದುದರಿಂದ ತಮ್ಮಲ್ಲಿ ನಮ್ಮ ಕೋರಿಕೆಗಳಿವು. ಕನ್ನಡ ಮಾಧ್ಯಮ ಶಾಲೆಗಳ ಅಧ್ಯಾಪಕರು, ಆಡಳಿತ ಮಂಡಳಿಯವರು ಪರಿಸರ ಸಂಸ್ಥೆಗಳಿಗೆ ಕಾಗದ ಬರೆದು ಕನ್ನಡದ ಸಾಮಗ್ರಿ ಬೇಕೆಂದು ಕೇಳಿರಿ. ಕೇಳದ ಹೊರತು ಯಾರೂ ಕೊಡುವುದಿಲ್ಲ. ಭಾಷಾಂತರಕ್ಕೆ ತಾವೇ ಮುಂದಾಗಿರಿ. ಪೆರಿಯಕುಳಂ, ಕಂಬಂ ಕಡೆಯಂತೆ ಕನ್ನಡ ಮನೆಯೊಳಗಷ್ಟೇ ಉಳಿದಿರುವಲ್ಲಿ, ಮಗುವಿನ ಕೈಗೆ ಒಂದು ನೋಟ್‌ಬುಕ್ ಕೊಟ್ಟು ಗಿಡ, ಹಕ್ಕಿ, ಹುಲ್ಲು, ಹಳ್ಳಗಳ ಮನೆಯ ಹೆಸರುಗಳನ್ನು ಬರೆಯಿಸಿರಿ. ತಮಿಳು ಲಿಪಿಯಲ್ಲಿ ಬರೆದರೂ ಅಡ್ಡಿಯಿಲ್ಲ. ನಿಸರ್ಗ ಶಿಬಿರ ನಡೆಸುವವರು ಒಂದು ದಿನವಾದರೂ ದನ ಕಾಯುವ ಹಿರಿಯರೊಬ್ಬರನ್ನು ಮೇಷ್ಟರ ಸ್ಥಾನದಲ್ಲಿ ಕೂರಿಸಲಿ. ಅರಣ್ಯ ಇಲಾಖೆ ತನ್ನ ಪ್ರಕಟಣೆಗಳನ್ನು ಆಯಾ ಊರಿನ ಮನೆಮಾತಿನಲ್ಲೂ ಸಾರಿಸಲಿ.

ಮುಂದಿನ ಜೂನ್ 5ರಂದು ಸಸಿ ನೆಡುವಾಗ, ಅದರ ಪಕ್ಕದ ಫಲಕದಲ್ಲಿ ಮನೆಯ ಹೆಸರೂ ಇರಲಿ. ಬರೆಯುವ ಕೈ ಮಗುವಿನದೇ ಆಗಲಿ.