130 ದಾಟಿದ್ರೆ ಎಫ್‌ಐಆರ್, ಊರೊಳಗೆ 80 ಹೋದ್ರೆ?

2024ರ ಆಗಸ್ಟ್ 1ರಿಂದ ಗಂಟೆಗೆ 130 ಕಿ.ಮೀ. ದಾಟಿ ಗಾಡಿ ಓಡಿಸಿದವರ ಮೇಲೆ ಎಫ್‌ಐಆರ್ ಹಾಕ್ತೀವಿ ಅಂತ ಕರ್ನಾಟಕ ಪೊಲೀಸರು ಹೇಳಿದರು. ಭಾರತೀಯ ನ್ಯಾಯ ಸಂಹಿತೆಯ 281ನೇ ಸೆಕ್ಷನ್, ಆರು ತಿಂಗಳವರೆಗೆ ಜೈಲು. ಒಳ್ಳೆಯದೇ. ಬೆಂಗಳೂರು–ಮೈಸೂರು ಹೈವೇಯಲ್ಲಿ ಮಿತಿಯೇ 100.

ಆದ್ರೆ ಅಫಜಲಪುರ ತಾಲ್ಲೂಕಿನ ನಮ್ಮ ಅತನೂರಿನಂಥ ಊರೊಳಗೆ 130 ಯಾರು ಮುಟ್ತಾರೆ? ಅಲ್ಲಿ ಕಬ್ಬಿನ ಟ್ರ್ಯಾಕ್ಟರ್, ಎಮ್ಮೆ, ಶಾಲೆ ಮಕ್ಕಳು ಎಲ್ಲಾ ಒಂದೇ ರಸ್ತೆಯಲ್ಲಿ. 40ರಲ್ಲಿ ಹೋಗಬೇಕಾದ ಕಡೆ ಕಾರು 80ರಲ್ಲಿ ಬಂದ್ರೆ, ನಾವು ಓದಿದ ಹಾಫ್ ಎಮ್ ವಿ ಸ್ಕ್ವೇರ್ ಪ್ರಕಾರ ಅದರ ಚಲನ ಶಕ್ತಿ ನಾಲ್ಕು ಪಟ್ಟು. 100ರಿಂದ 130ಕ್ಕೆ ಏರಿದ್ರೆ 1.69 ಪಟ್ಟು ಅಷ್ಟೇ. ಆದರೂ ಊರೊಳಗಿನ 80ಕ್ಕೆ ಎಫ್‌ಐಆರ್ ಗೆರೆ ಇಲ್ಲ. ಮೋಟಾರು ವಾಹನ ಕಾಯ್ದೆಯಲ್ಲಿ ಕಾರಿಗೆ 1,000ದಿಂದ 2,000 ರೂಪಾಯಿ ದಂಡ, ಮುಗೀತು.

281ನೇ ಸೆಕ್ಷನ್ನಿನಲ್ಲಿ 130 ಅನ್ನೋ ಸಂಖ್ಯೆಯೇ ಇಲ್ಲ. ಜನರ ಜೀವಕ್ಕೆ ಅಪಾಯ ಆಗೋ ಹಾಗೆ ಓಡಿಸಬಾರದು ಅಂತಷ್ಟೇ ಇದೆ. ಹಾಗಾಗಿ ಗೆರೆ ಎಳೆಯೋದಾದ್ರೆ ಒಂದೇ ಸಂಖ್ಯೆಗೆ ಬೇಡ. ಆ ರಸ್ತೆಯ ಮಿತಿಗಿಂತ ಎಷ್ಟು ಪಟ್ಟು ಹೆಚ್ಚು ಅಂತ ನೋಡಿ ಎಳೀಲಿ. ಹೈವೇಯಲ್ಲಿ ಹೋಗೋರ ಜೀವಕ್ಕಿರೋ ಬೆಲೆ ಊರ ರಸ್ತೆ ದಾಟೋ ಮಗುವಿಗೂ ಇರಬೇಕಲ್ವಾ?