ಎಡಗೈಗೆ ತಿಳಿಯದ ಹಿಡಿ ಅಕ್ಕಿ

ಕ್ರಿಸ್ಮಸ್ ಹತ್ತಿರ ಬಂತೆಂದರೆ ನಮ್ಮ ಸಂಘದ ಮಂಗಳೂರು ಕಡೆಯ ಕ್ರೈಸ್ತ ಬಂಧುಗಳ ಮನೆಗಳಿಂದ ಕುಸ್ವಾರಿನ ತಟ್ಟೆಗಳು ನೆರೆಮನೆಗಳಿಗೆ ಹೊರಡುತ್ತವೆ. ಆ ತಟ್ಟೆಯ ರುಚಿ ಬಲ್ಲ ವಾಚಕರು ಬಹಳ ಮಂದಿ. ಆ ಧರ್ಮದಲ್ಲಿ ಇಲ್ಲದವರಿಗೆ ಕೊಡುವ ಕ್ರಮ ಹೇಗೆ ಬೆಳೆದು ಬಂತು ಎಂಬುದು ಮಾತ್ರ ಅಷ್ಟಾಗಿ ಪರಿಚಿತವಿರಲಾರದು. ಈ ಸಲ ಅದನ್ನು ಕುರಿತು ನಾಲ್ಕು ಮಾತು ಬರೆಯಲು ಹೊರಟಿದ್ದೇವೆ. ಹಬ್ಬಕ್ಕೊಂದು ಲೇಖನವಿರಲಿ ಎಂದು ಬರೆದದ್ದಲ್ಲ. ನಮ್ಮ ಸಂಘದ ನೆರವಿನ ನಿಧಿಯ ವಿಚಾರವೂ ಇದರಲ್ಲಿ ಬರುವುದರಿಂದ ಕಡೆಯವರೆಗೆ ಓದಬೇಕೆಂದು ವಿನಂತಿ.

ಈಶಾನ್ಯ ಭಾರತದ ಮಿಜೋರಾಂ ಗುಡ್ಡಗಳ ನಾಡು. ಅಲ್ಲಿಯ ಜನರಲ್ಲಿ ಬಹುಪಾಲು ಕ್ರೈಸ್ತರು. ವೇಲ್ಸ್‌ನಿಂದ ಬಂದ ಮಿಷನರಿಗಳ ಕಾಲದಲ್ಲಿ ಬೇರೂರಿದ ಪ್ರೆಸ್ಬಿಟೀರಿಯನ್ ಸಭೆ ಅಲ್ಲಿ ದೊಡ್ಡದು. ಆ ಸಭೆಯಲ್ಲಿ 1910ರಿಂದ ನಡೆದು ಬಂದ ಒಂದು ಪದ್ಧತಿಗೆ ‘ಬುಹ್‌ಫಾಯ್ ಥಾಮ್’ ಎಂದು ಹೆಸರು. ಎಂದರೆ ಹಿಡಿ ಅಕ್ಕಿ. ಅನ್ನಕ್ಕಿಡುವಾಗ ಮನೆಯಾಕೆ ಅಳೆದುಕೊಂಡ ಅಕ್ಕಿಯಿಂದಲೇ ಒಂದು ಹಿಡಿ ತೆಗೆದು ಬೇರೆ ಪಾತ್ರೆಗೆ ಹಾಕುತ್ತಾಳೆ. ಎರಡು ಹೊತ್ತು ಒಲೆ ಹೊತ್ತಿಸಿದರೆ ಎರಡು ಹಿಡಿ. ಸಭೆಯ ಹೆಂಗಸರು ಮನೆ ಮನೆಗೆ ಹೋಗಿ ಅದನ್ನು ಕೂಡಿಸಿ ತರುತ್ತಾರೆ. ಅಕ್ಕಿ ಮಾರಿ ಬಂದ ಹಣ ಸಭೆಯ ಕೆಲಸಗಳಿಗೆ ಸಲ್ಲುತ್ತದೆ. ಐಜಾಲ್ ಬಳಿಯ ಡರ್ಟ್‌ಲಾಂಗ್‌ನಲ್ಲಿ 1928ರಲ್ಲಿ ಆರಂಭವಾದ ಆಸ್ಪತ್ರೆಯೂ ಈ ಸಭೆಯದೇ. ಹಿಡಿ ಅಕ್ಕಿಯ ಹಣವೆಲ್ಲ ದೀನರಿಗೇ ಮೀಸಲು ಎಂದು ಹೇಳಿದರೆ ತಪ್ಪಾದೀತು. ಧರ್ಮಪ್ರಸಾರದ ಖರ್ಚೂ ಅದರಲ್ಲಿ ಸೇರಿದೆ, ಅದನ್ನು ಮರೆಮಾಚುವ ಕಾರಣವಿಲ್ಲ. ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಕೂಡಿಸುವ ರೀತಿ.

ಅದೇನು ಅಕ್ಕಿ ತುಂಬಿ ತುಳುಕುವ ನಾಡಲ್ಲ. ಬಿದಿರು ಹೂ ಬಿಟ್ಟರೆ ಬರಗಾಲ ಎಂಬ ಮಾತು ನಮ್ಮ ಮಲೆನಾಡಿನಲ್ಲೂ ಉಂಟಷ್ಟೆ. ಮಿಜೋ ಗುಡ್ಡಗಳಲ್ಲಿ ಅದು ಕಣ್ಣೆದುರಿನ ಸತ್ಯ. ಸುಮಾರು 48 ವರ್ಷಕ್ಕೊಮ್ಮೆ ಬಿದಿರು ಒಟ್ಟಿಗೆ ಹೂ ಬಿಡುತ್ತದೆ, ಅದರ ಬೀಜ ತಿಂದ ಇಲಿಗಳು ಲೆಕ್ಕವಿಲ್ಲದಷ್ಟು ಹೆಚ್ಚುತ್ತವೆ, ಬೀಜ ಮುಗಿದ ಮೇಲೆ ಹೊಲದ ಬತ್ತಕ್ಕೂ ಕಣಜಕ್ಕೂ ನುಗ್ಗುತ್ತವೆ. 1911–12ರಲ್ಲಿ ಹಾಗಾಯಿತು, 1959ರಲ್ಲಿ ಆಯಿತು, 2007ರಲ್ಲೂ ಆಯಿತು. ಹಿಡಿ ಅಕ್ಕಿ ತೆಗೆದಿಡುವ ಪದ್ಧತಿ ತೊಡಗಿ ಒಂದೆರಡು ವರ್ಷ ಕಳೆಯುವುದರೊಳಗೆ ಅಂಥದೊಂದು ಬರ ಬಂದಿತೆಂಬುದನ್ನು ನೆನೆದರೆ, ಆ ಪಾತ್ರೆಯ ಅಕ್ಕಿಯ ಬೆಲೆ ಪೇಟೆಯ ಧಾರಣೆಯಲ್ಲಿ ಸಿಕ್ಕುವುದಲ್ಲ ಎಂದು ತೋರುತ್ತದೆ.

ನಮ್ಮಲ್ಲಿ ಇದು ಕೇಳರಿಯದ ಸಂಗತಿಯೇನೂ ಅಲ್ಲ. ಮುಷ್ಟಿ ಅಕ್ಕಿ, ಮುಷ್ಟಿಫಂಡು ಎಂಬ ಮಾತುಗಳು ಕನ್ನಡನಾಡಿನಲ್ಲೂ ಮಹಾರಾಷ್ಟ್ರದಲ್ಲೂ ಹಿರಿಯರ ಬಾಯಲ್ಲಿ ಇನ್ನೂ ಉಳಿದಿವೆ. ಹಿಡಿ ಧಾನ್ಯದಿಂದ ಮಠದ ದಾಸೋಹ ನಡೆದದ್ದುಂಟು, ಬಡ ಹುಡುಗರ ಓದು ಸಾಗಿದ್ದುಂಟು. ನಗರಕ್ಕೆ ಬಂದ ಮೇಲೆ ಆ ಹಿಡಿ ಹೋಗಿ ಚೆಕ್ಕು ಬಂತು, ಚೆಕ್ಕು ಹೋಗಿ ಈಗ ಮೊಬೈಲಿನ ಮೇಲೆ ಬೆರಳೊತ್ತಿದರೆ ಸಾಕು. ಅನುಕೂಲವಾಯಿತು, ನಿಜ. ಆದರೆ ಹಿಡಿ ಅಕ್ಕಿಗೆ ಎರಡು ಗುಣಗಳಿದ್ದವು. ಅದು ಉಂಡು ಮಿಕ್ಕದ್ದಲ್ಲ, ಉಣ್ಣುವ ಮುಂಚೆ ತೆಗೆದದ್ದು. ಇನ್ನೊಂದು, ಬುಟ್ಟಿಗೆ ಬಿದ್ದ ಮೇಲೆ ಯಾರ ಮನೆಯ ಅಕ್ಕಿ ಯಾವುದೆಂದು ಯಾವ ಕೋಶಾಧಿಕಾರಿಯೂ ಹೇಳಲಾರ.

ಮೊದಲ ಗುಣದ ಮೂಲ ಕ್ರೈಸ್ತರ ಗ್ರಂಥದಲ್ಲಿ ಎಲ್ಲರೂ ಕೇಳಿರುವ ವಿಧವೆಯ ಕತೆ. ಯೆರೂಸಲೇಮಿನ ದೇವಾಲಯದ ಕಾಣಿಕೆಪೆಟ್ಟಿಗೆಯ ಎದುರು ಯೇಸು ಕುಳಿತಿದ್ದಾಗ ಸಿರಿವಂತರು ಬಹಳ ಹಾಕಿದರು. ಬಡ ವಿಧವೆಯೊಬ್ಬಳು ಎರಡು ಪುಡಿಕಾಸು ಹಾಕಿದಳು. ಎಲ್ಲರಿಗಿಂತ ಹೆಚ್ಚು ಹಾಕಿದವಳು ಇವಳೇ ಎಂದು ಅವನು ಶಿಷ್ಯರಿಗೆ ಹೇಳಿದನಂತೆ. ಚಂದಾ ಎತ್ತುವವರಿಗೆ ಈ ಕತೆ ಬಲು ಪ್ರಿಯ. ಅದಕ್ಕೆ ತುಸು ಮೇಲಿನ ಸಾಲುಗಳನ್ನು ಮಾತ್ರ ಅವರು ಓದಿ ಹೇಳುವುದಿಲ್ಲ: ವಿಧವೆಯರ ಮನೆಗಳನ್ನು ನುಂಗಿ ಉದ್ದುದ್ದ ಪ್ರಾರ್ಥನೆ ಮಾಡುವ ಶಾಸ್ತ್ರಿಗಳನ್ನು ಅವನು ಬಯ್ದದ್ದು ಆಗಷ್ಟೇ. ಅವಳ ಕೊನೆಯ ಕಾಸನ್ನೂ ಒಳಗೆ ಹಾಕಿಕೊಂಡ ಪೆಟ್ಟಿಗೆಯ ಬಗ್ಗೆ ಅವನಿಗೆ ಸಂತೋಷವಿದ್ದೀತೆಂದು ನಮಗೆ ತೋರುವುದಿಲ್ಲ.

ಎರಡನೆಯ ಗುಣದ ಮಾತು ಸ್ವಲ್ಪ ತೊಡಕಿನದು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬುದು ಕನ್ನಡದಲ್ಲಿ ಗಾದೆಯಂತೆಯೇ ಬಳಕೆಯಾಗಿಬಿಟ್ಟಿದೆ. ಅದು ಯೇಸು ಬೆಟ್ಟದ ಮೇಲೆ ಕೊಟ್ಟ ಉಪದೇಶದ ಭಾಗ; ಬೀದಿಯಲ್ಲಿ ತುತ್ತೂರಿ ಊದಿಸಿಕೊಂಡು ದಾನ ಮಾಡುವವರನ್ನು ಕುರಿತು ಹೇಳಿದ್ದು. ಆದರೆ ಗುಟ್ಟಾಗಿ ಕೊಡಬೇಕು ಎಂದ ಮಾತ್ರಕ್ಕೆ ಗುಟ್ಟಾಗಿ ಖರ್ಚು ಮಾಡಬಹುದೆ?

ಇದಕ್ಕೆ ಉತ್ತರ ಪೌಲನ ಪತ್ರಗಳಲ್ಲಿದೆ. ಮೊದಲನೆಯ ಶತಮಾನದ ನಡುವೆ ಯೆರೂಸಲೇಮಿನ ಬಡ ಕ್ರೈಸ್ತರಿಗಾಗಿ ಅವನು ಗ್ರೀಸಿನ ಕಡೆಯ ಊರುಗಳಲ್ಲಿ ಹಣ ಕೂಡಿಸಿದ. ಕೊರಿಂಥದವರಿಗೆ ಅವನು ಬರೆದ ಕ್ರಮ ನಮ್ಮ ಹಿಡಿ ಅಕ್ಕಿಯದೇ ತಮ್ಮ: ವಾರದ ಮೊದಲ ದಿನ ಪ್ರತಿಯೊಬ್ಬನೂ ತನ್ನ ಶಕ್ತಿಗೆ ತಕ್ಕಂತೆ ಮನೆಯಲ್ಲಿ ಒಂದಿಷ್ಟು ತೆಗೆದಿಡಲಿ, ನಾನು ಬಂದ ಮೇಲೆ ಗಡಿಬಿಡಿಯಲ್ಲಿ ಎತ್ತುವುದು ಬೇಡ ಎಂದು. ಮಕೆದೋನ್ಯದವರು ತಾವೇ ಕಷ್ಟದಲ್ಲಿದ್ದೂ ನಮ್ಮದೂ ಇರಲಿ ಎಂದು ಬೇಡಿಕೊಂಡು ಕೊಟ್ಟರೆಂದು ಅವನೇ ಬರೆದಿದ್ದಾನೆ. ಹಣ ದೊಡ್ಡದಾಯಿತು. ಆಗ ಪೌಲ ಅದನ್ನು ತಾನೊಬ್ಬನೇ ಒಯ್ಯಲು ಒಪ್ಪಲಿಲ್ಲ. ಸಭೆಗಳು ಆರಿಸಿ ಕೊಟ್ಟ ನಂಬಿಕೆಯ ಮನುಷ್ಯರು ಜೊತೆಗಿರಲಿ ಎಂದ. ಕಾರಣವನ್ನೂ ಮುಚ್ಚಿಡಲಿಲ್ಲ: ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ಬೆರಳು ತೋರಿಸುವಂತೆ ಆಗಬಾರದು, ದೇವರು ಬಲ್ಲ ಎಂದರೆ ಸಾಲದು, ಮನುಷ್ಯರ ಕಣ್ಣಿಗೂ ಸರಿ ಕಾಣಬೇಕು ಎಂದು. ಸಂಘ ಸಂಸ್ಥೆಗಳ ಖಜಾನೆ ನೋಡಿಕೊಂಡವರಿಗೆ ಈ ಮಾತಿನ ತೂಕ ಗೊತ್ತಾಗುತ್ತದೆ.

ನೂರೈವತ್ತು ವರ್ಷಗಳಾಚೆ ಉತ್ತರ ಆಫ್ರಿಕದ ಕಾರ್ತೇಜಿನಲ್ಲಿದ್ದ ತೆರ್ತುಲ್ಲಿಯನ್ ತನ್ನವರ ಹುಂಡಿಯನ್ನು ವರ್ಣಿಸಿದ್ದಾನೆ. ತಿಂಗಳಿಗೊಮ್ಮೆ, ಮನಸ್ಸಿದ್ದರೆ, ಕೈಲಾದರೆ ಮಾತ್ರ ಹಾಕುವುದು, ಬಲವಂತವಿಲ್ಲ. ಆ ಹಣ ಔತಣಕ್ಕಲ್ಲ. ಬಡವರ ಅನ್ನಕ್ಕೆ, ಅವರ ಶವಸಂಸ್ಕಾರಕ್ಕೆ, ತಬ್ಬಲಿ ಮಕ್ಕಳಿಗೆ, ಮುದಿಯಾದ ಆಳುಗಳಿಗೆ, ಹಡಗೊಡೆದು ದಿಕ್ಕೆಟ್ಟವರಿಗೆ. ಖರ್ಚಿನ ಬಾಬುಗಳು ಇಷ್ಟು ಸ್ಪಷ್ಟವಾಗಿವೆ. ಕೊಟ್ಟವರ ಹೆಸರೂ ಇಲ್ಲ, ಪಡೆದವರ ಹೆಸರೂ ಇಲ್ಲ.

ಈಗ ನಮ್ಮ ಕಡೆಗೆ ಬರೋಣ. ಹೊರನಾಡಿನ ಕನ್ನಡ ಸಂಘಗಳು ಬಡ ವಿದ್ಯಾರ್ಥಿಗಳ ಫೀಜಿಗೆ, ಔಷಧಕ್ಕೆ ಕೊಡುವ ನೆರವು ಸಣ್ಣದಲ್ಲ. ಮುಂಬಯಿಯ ಹೋಟೆಲುಗಳಲ್ಲಿ ಹಗಲು ಲೋಟ ತೊಳೆದು ಕನ್ನಡದ ರಾತ್ರಿಶಾಲೆಗಳಲ್ಲಿ ಓದಿದ ಹುಡುಗರು ಹೀಗೆಯೇ ಮೇಲೆ ಬಂದರು. ಕೊಡುವ ಸಮಾರಂಭದ ಚಿತ್ರಗಳನ್ನು ಮಾತ್ರ ಒಮ್ಮೆ ನೋಡಬೇಕು. ವೇದಿಕೆಯ ಮೇಲೆ ಒಂದು ಲಕೋಟೆ. ಅದನ್ನು ಹಿಡಿದ ಐದಾರು ಕೈಗಳು. ಪದಾಧಿಕಾರಿಗಳ ಕಣ್ಣೆಲ್ಲ ಕ್ಯಾಮರಾದ ಕಡೆಗೆ, ಹುಡುಗಿಯ ಕಣ್ಣು ನೆಲದ ಕಡೆಗೆ. ಅವಳು ಬಸ್ಸು ಹತ್ತಿ ಮನೆ ಸೇರುವ ಮೊದಲೇ ಆ ಚಿತ್ರ ವಾಟ್ಸಾಪಿನಲ್ಲಿ ಅವಳ ತರಗತಿಯ ಮಕ್ಕಳ ಕೈ ಸೇರಿರುತ್ತದೆ. ಮುಂದಿನ ವರ್ಷ ಆ ತಾಯಿ ಅರ್ಜಿ ಹಾಕದೆ ಕಿವಿಯ ಓಲೆ ಅಡವಿಡುತ್ತಾಳೆ. ನಿಧಿಯಲ್ಲಿ ಹಣ ಉಳಿಯುತ್ತದೆ. ಅರ್ಹರೇ ಸಿಕ್ಕುವುದಿಲ್ಲವೆಂದು ವರದಿಯಲ್ಲಿ ಬರೆಯುತ್ತೇವೆ.

ಆದ್ದರಿಂದ ಕಾರ್ಯಕಾರಿ ಸಮಿತಿಯ ಮುಂದೆ ಒಂದು ಸಲಹೆ ಇಟ್ಟಿದ್ದೇವೆ. ನೆರವು ಪಡೆದವರ ಹೆಸರಾಗಲಿ ಚಿತ್ರವಾಗಲಿ ಎಲ್ಲಿಯೂ ಬರತಕ್ಕದ್ದಲ್ಲ. ಹಣ ನೇರವಾಗಿ ಶಾಲೆಗೋ ಆಸ್ಪತ್ರೆಗೋ ಸಂದಾಯವಾಗಲಿ. ಲೆಕ್ಕ ಮಾತ್ರ ಪೂರ್ತಿ ಅಚ್ಚಾಗಲಿ: ಎಷ್ಟು ಬಂತು, ಎಷ್ಟು ಮಂದಿಗೆ, ಯಾವ ಬಾಬಿಗೆ ಹೋಯಿತು, ಕೊನೆಗೆ ಲೆಕ್ಕ ತಪಾಸಣಿಗರ ಸಹಿ. ದಾನಿಗಳ ಹೆಸರುಗಳು ಮೊತ್ತದ ಕ್ರಮ ಬಿಟ್ಟು ಅಕಾರಾದಿಯಾಗಿ ಬರಲಿ.

ಮೊದಲ ಎರಡಕ್ಕೆ ತಕರಾರು ಬರಲಿಲ್ಲ. ಮೂರನೆಯದಕ್ಕೆ ನಮ್ಮ ಕೋಶಾಧಿಕಾರಿಗಳು ನಕ್ಕು, “ಸ್ವಾಮಿ, ಹೆಸರು ಮೇಲೆ ಬರುತ್ತದೆಂದೇ ಐದು ಸಾವಿರಕ್ಕೆ ಇನ್ನೊಂದು ಸೇರಿಸಿ ಕೊಡುವವರಿದ್ದಾರೆ. ಆ ಒಂದು ಸಾವಿರದಲ್ಲಿ ಒಂದು ಮಗುವಿನ ಪುಸ್ತಕ ಬರುತ್ತದೆ. ತುತ್ತೂರಿ ಊದಿದರೇನಂತೆ?” ಎಂದರು. ತಳ್ಳಿಹಾಕುವ ಮಾತಲ್ಲ ಅದು. ಆ ಮಗುವಿಗೆ ಪುಸ್ತಕ ಬೇಕು. ಕೊಟ್ಟವರ ಮನಸ್ಸಿನೊಳಗೆ ಏನಿತ್ತೆಂದು ಅದು ಕೇಳುವುದಿಲ್ಲ. ಹೀಗಾಗಿ ಮೂರನೆಯ ಅಂಶವನ್ನು ಸಮಿತಿ ಒಂದು ವರ್ಷ ಪರೀಕ್ಷಾರ್ಥವಾಗಿ ಒಪ್ಪಿದೆ. ಮುಂದಿನ ಸಂಚಿಕೆಯ ಪಟ್ಟಿ ಅಕಾರಾದಿಯಾಗಿಯೇ ಬರುತ್ತದೆ. ಅದರಲ್ಲಿ ಕೂಡ ತಮ್ಮ ಹೆಸರು ಬೇಡ ಎನ್ನುವವರು ಹಣ ಕಳಿಸುವಾಗ ಕೋಶಾಧಿಕಾರಿಗಳಿಗೆ ಒಂದು ಸಾಲು ಬರೆದರೆ ಸಾಕು. ರಸೀದಿ ಮಾತ್ರ ತಪ್ಪದೆ ಮನೆಗೆ ಬರುತ್ತದೆ.